ಬೆಳ್ಳಿಯ ಬಲಕ್ಕೆ, ಒಂದು ಹಿಡಿ ಕೆಳಗೆ

ಅವರು ತೀರಿಕೊಂಡ ಸುದ್ದಿ ನನಗೆ ಫೋನಿನಲ್ಲಿ ಒಂದು ಚಿತ್ರವಾಗಿ ಬಂತು. ಅವರ ಮುಖ, ಸುತ್ತ ಹೂವಿನ ಹಾರ, ತಲೆಯ ಮೇಲೆ ಬಣ್ಣದ ದೀಪಗಳು ಮಿನುಗುವ ಒಂದು ತಟ್ಟೆ. ಕೆಳಗೆ ತಮಿಳಿನಲ್ಲೂ ಕನ್ನಡದಲ್ಲೂ ಒಂದೇ ಮಾತು: ಹಾರುವ ತಟ್ಟೆ ಕಂಡ ಅಜ್ಜಿ ಇನ್ನಿಲ್ಲ.

ಅವರು ತಟ್ಟೆ ಕಾಣಲಿಲ್ಲ. ಆ ಪದವನ್ನು ಒಂದು ದಿನವೂ ಬಾಯಲ್ಲಿ ಆಡಲಿಲ್ಲ. ಆಡಿಸಲು ಬಂದವರನ್ನು ಬರಿಗೈಯಲ್ಲಿ ವಾಪಸು ಕಳಿಸಿದರು. ಕಂಡಷ್ಟನ್ನೇ ಹೇಳಿದ್ದಕ್ಕೆ ತಮ್ಮ ಜಾಗವನ್ನೇ ಬಿಟ್ಟುಕೊಟ್ಟರು. ಇಷ್ಟಾದ ಮೇಲೂ ಅವರ ತಲೆಯ ಮೇಲೆ ತಟ್ಟೆ ಕೂರಿಸಿದ್ದಾರೆ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಅದು ಆ ಚಿತ್ರದ ಜೊತೆ ಈಗಾಗಲೇ ಸಾಕಷ್ಟು ಸುತ್ತಿದೆ. ನಾನು ಅವರನ್ನು ಅತ್ತೆ ಎನ್ನುತ್ತಿದ್ದೆ. ನೆಂಟಸ್ತನವೇನೂ ಇಲ್ಲ, ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೆ.

ನಮ್ಮದು ತಮಿಳುನಾಡಿಗೆ ಸೇರಿದ ತಾಳವಾಡಿ ಘಟ್ಟದ ಮೇಲೆ, ತಿಗನಾರೆ ಕಡೆಯ ಸಣ್ಣ ಹಳ್ಳಿ. ಹೊಲ ಮುಗಿದಲ್ಲಿ ಕಾಡು ಶುರು. ರಾಗಿ, ಜೋಳ, ಕೋಸು ಬಲಿಯುವ ತಿಂಗಳುಗಳಲ್ಲಿ ಬೆಳೆಗೆ ಕಾವಲು ಬೇಕೇ ಬೇಕು. ಅದಕ್ಕೆ ಊರಿನವರು ಮೂರು ಅಟ್ಟಣೆ ಕಟ್ಟಿದ್ದಾರೆ. ನಾಲ್ಕು ಕಂಬದ ಮೇಲೆ ಹಲಗೆ, ಅದರ ಮೇಲೊಂದು ಗರಿಯ ಮಾಡು. ಒಂದು ಕಾಡಂಚಿನ ಏರಿನಲ್ಲಿ, ಜೀರಹಳ್ಳಿ ದಿಕ್ಕಿಗೆ. ಒಂದು ಹೊಲಗಳ ನಡುವೆ. ಒಂದು ಊರಿನ ಹತ್ತಿರ. ನಡುವಿನ ಅಟ್ಟಣೆ ಅತ್ತೆಯದು. ಗಂಡ ಸತ್ತ ಮರುವರ್ಷ ಅದನ್ನು ಹತ್ತಿದವರು ಸುಮಾರು ಮೂವತ್ತು ವರ್ಷ ಇಳಿಯಲಿಲ್ಲ.

ಹೊಲದಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಮಾತೆಲ್ಲ ಟಾರ್ಚಿನಲ್ಲೇ. ಬೆಳಕನ್ನು ಅಡ್ಡಡ್ಡ ಆಡಿಸಿದರೆ ಹಂದಿ. ಸುತ್ತಲೂ ತಿರುಗಿಸಿದರೆ ಆನೆ. ಕೋಳಿ ಕೂಗುವ ಹೊತ್ತಿಗೆ ಮೇಲಿನವರು ಟಾರ್ಚನ್ನು ಒಮ್ಮೆ ಅಲ್ಲಾಡಿಸದೆ ಹಿಡಿಯಬೇಕು, ‘ಇದ್ದೀನಿ’ ಎಂದು ಅದರ ಅರ್ಥ. ನಡುವಿನವರು ಅದಕ್ಕೆ ಉತ್ತರ ಕೊಡಬೇಕು, ಕೆಳಗಿನವರು ಅದಕ್ಕೆ. ಇನ್ನೊಂದು ಕಟ್ಟಳೆ ಎಲ್ಲಕ್ಕಿಂತ ದೊಡ್ಡದು. ಮೇಲಿಂದ ಬಂದ ಬೆಳಕನ್ನು ಕಂಡ ತಕ್ಷಣ ಹಾಗೆಯೇ ಕೆಳಕ್ಕೆ ದಾಟಿಸಬೇಕು. ನಿಜವೋ ಸುಳ್ಳೋ ಎಂದು ಯೋಚಿಸುತ್ತ ಕೂರಬಾರದು. ಆನೆ ಅಷ್ಟು ಹೊತ್ತು ಕಾಯುವುದಿಲ್ಲ.

ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಓಡಿಬಂದು, ಹಳ್ಳದ ಹತ್ತಿರ ಬಹಳ ಜಿಂಕೆ ನೋಡಿದೆ ಎಂದೆ. ಅತ್ತೆ ಮೊರದಲ್ಲಿ ಅವರೆ ಕೇರುತ್ತಿದ್ದರು.

“ಬಾಳ ಅಂದ್ರ ಎಷ್ಟು?”

“ತುಂಬಾ.”

“ತುಂಬಾ ಅನ್ನೋದು ಲೆಕ್ಕ ಅಲ್ಲ ಕಣಮ್ಮಿ. ಓಗು, ಎಣಿಸ್ಕಂಡು ಬಾ.”

ನಾನು ಹೋಗಿ ಎಣಿಸಿ ಬಂದೆ. ಏಳು. ಅವರು ತಲೆಯಾಡಿಸಿ ಕೇರುವುದನ್ನು ಮುಂದುವರಿಸಿದರು. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡುವಾಗ ಪ್ರಯೋಗಾಲಯದಲ್ಲಿ ಅಳತೆಯ ಬಗ್ಗೆ ಎಷ್ಟೋ ಕೇಳಿದೆ. ಅದರ ಮೊದಲ ಪಾಠ ಆ ಮೊರದ ಮುಂದೆಯೇ ಆಗಿತ್ತು.

ಅವರಲ್ಲಿ ಏನಾದರೂ ವಿಚಾರಿಸುವುದು ಊರಿನವರಿಗೆ ಒಂದು ತಮಾಷೆ. ಬಸ್ ನಿಲ್ದಾಣದ ಟೀ ಅಂಗಡಿಯ ಮುಂದೆ ಅವರು ಕುಳಿತಿದ್ದಾಗ ಒಬ್ಬ ಬಂದು, “ತಾಳವಾಡಿ ಬಸ್ಸು ಓಯ್ತಾ ಅವ್ವಾ?” ಎಂದ.

“ಓದುದ್ದ ನಾ ಕಾಣ್ಲಿಲ್ಲ. ಏನೋ ಒಂದು ಓದ ಸದ್ದು ಕೇಳ್ತು.”

“ಬಸ್ಸೇ ಇರ್ಬೇಕು.”

“ಲಾರೀನೂ ಇರ್ಬೋದು. ಸದ್ದುಗ ನಂಬರ್ ಬೋರ್ಡು ಇರಲ್ಲ.”

“ನಿನ್ ಕೇಳೋದುಕ್ಕಿಂತ ನಡ್ಕಂಡೇ ಓಗ್ಬೋದು ಬುಡು.”

“ಓಗಪ್ಪ. ಕಾಲು ಅವಲ್ಲ ಎರಡು.”

ಈ ಸ್ವಭಾವ ಎಲ್ಲಿಂದ ಬಂತು ಎಂಬುದನ್ನು ಅವರು ಒಮ್ಮೆ ಮಾತ್ರ ಹೇಳಿದರು, ಅದೂ ಮೂರೇ ಮಾತಿನಲ್ಲಿ. ಗಂಡ ಸತ್ತ ಹದಿನೈದನೆಯ ದಿನ ಮೈದುನ ಒಂದು ಖಾಲಿ ಕಾಗದ ತಂದ. ಹೆಬ್ಬೆಟ್ಟು ಒತ್ತಿಸಿಕೊಂಡ. ಬರೆದದ್ದು ಆಮೇಲೆ. ಹೊಲ ಹೋದ ನಂತರ ಊರಿನವರು ಅವರಿಗೆ ಅಟ್ಟಣೆ ಕೊಟ್ಟರು. ಸುಗ್ಗಿಯಲ್ಲಿ ಮನೆಗೊಂದು ಮೊರ ರಾಗಿ ಅವರ ಪಾಲು. ಆದರೆ ಅವರು ಹಲಗೆಯ ಮೇಲೆ ಕೂರುತ್ತಿದ್ದ ರೀತಿ ನೋಡಿದರೆ ಅದು ರಾಗಿಗಾಗಿ ಅಲ್ಲ ಎಂದು ತಿಳಿಯುತ್ತಿತ್ತು. ಅಲ್ಲಿಂದ ಅವರು ಹೇಳಿದ್ದನ್ನು ಇಡೀ ಊರು ನಂಬಿ ಹಾಸಿಗೆ ಬಿಟ್ಟು ಎದ್ದು ಬರುತ್ತಿತ್ತು. ಬೇರೆ ಎಲ್ಲಿಯೂ ಅವರ ಮಾತಿಗೆ ಆ ತೂಕ ಇರಲಿಲ್ಲ.

ಎರಡು ವರ್ಷದ ಹಿಂದೆ, ಬೆಳಕು ಕಂಡ ಆ ಬೆಳಗಿನ ಜಾವ ನಡೆದದ್ದನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ. ಕೋಳಿ ಕೂಗಿತ್ತು. ಮೇಲಿನ ಅಟ್ಟಣೆಯಿಂದ ‘ಇದ್ದೀನಿ’ ಬಂದಿರಲಿಲ್ಲ. ಅವರು ಆಗ ತಾನೇ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಆ ಕಡೆ ನೋಡುತ್ತಿದ್ದರು. ಏರಿನ ಮೇಲೆ, ಟಾರ್ಚು ಕಾಣಬೇಕಾದ ದಿಕ್ಕಿನಲ್ಲಿಯೇ, ಒಂದು ಬಿಳಿ ಬೆಳಕು ಬಂತು. ನಿಂತಿತು. ಆಮೇಲೆ ಸುತ್ತ ತಿರುಗತೊಡಗಿತು. ಒಂದು ಸುತ್ತು, ಎರಡು ಸುತ್ತು.

ಸುತ್ತು ಎಂದರೆ ಆನೆ. ಅವರು ತಮ್ಮ ಟಾರ್ಚನ್ನು ತಿರುಗಿಸಿ ಕೆಳಕ್ಕೆ ದಾಟಿಸಿದರು. ಕೆಳಗಿನವರು ಊರಿಗೆ ದಾಟಿಸಿದರು. ಅಷ್ಟರಲ್ಲಿ ಆ ಬೆಳಕು ಏರನ್ನು ಬಿಟ್ಟು ಮೇಲಕ್ಕೆ ಎದ್ದಿತ್ತು. ಅದು ಟಾರ್ಚಲ್ಲ ಎಂದು ಅವರಿಗೆ ಆಗ ತಿಳಿಯಿತು. ಆದರೆ ಸುತ್ತಿದ್ದನ್ನು ಹಿಂದಕ್ಕೆ ಕರೆಯುವ ಗುರುತು ನಮ್ಮ ಟಾರ್ಚಿನ ಮಾತಿನಲ್ಲಿ ಇಲ್ಲ. ಬೇಕಾಗಿಯೇ ಇರಲಿಲ್ಲ.

ಊರು ಎದ್ದಿತು. ತಗಡು ಬಡಿದರು, ಕಾಡಂಚಿಗೆ ಹೋಗಿ ಪಟಾಕಿ ಹಚ್ಚಿದರು. ಸದ್ದಿಗೆ ಬೆದರಿದ ಹಸುಗಳು ಹಗ್ಗ ಕಿತ್ತುಕೊಂಡು ನುಗ್ಗಿ ಎರಡು ಹೊಲದ ಕೋಸನ್ನು ತುಳಿದು ಹಾಕಿದವು. ಆನೆಯ ಕೆಲಸವನ್ನು ನಮ್ಮ ಹಸುಗಳೇ ಮಾಡಿ ಮುಗಿಸಿದವು. ಆನೆ ಮಾತ್ರ ಬರಲಿಲ್ಲ.

ಬೆಳಗಾದ ಮೇಲೆ ಅತ್ತೆ ಅಟ್ಟಣೆಯಿಂದ ಇಳಿದು ಬಂದು ಎಲ್ಲರ ಮುಂದೆ ತಾವಾಗಿಯೇ ಹೇಳಿದರು: “ಟಾರ್ಚು ಅಂದ್ಕಂಡುದ್ದು ನಂದು ತಪ್ಪು. ಕಂಡುದ್ದು ತಪ್ಪಲ್ಲ. ಬೆಳಕಿತ್ತು. ಆಕಾಸ್ದಲ್ಲಿ ಇತ್ತು.”

ಕತೆ ಆಗ ಶುರುವಾಯಿತು. ಕತ್ತಲಲ್ಲಿ ಕೂಗಾಟ, ಪಟಾಕಿ, ಓಡಾಡುವ ಟಾರ್ಚುಗಳನ್ನು ಯಾರೋ ಫೋನಿನಲ್ಲಿ ವಿಡಿಯೋ ಮಾಡಿದ್ದರು. ಅದು ಎರಡೇ ದಿನದಲ್ಲಿ ಘಟ್ಟ ಇಳಿಯಿತು. ಮೂರನೆಯ ದಿನ ಒಂದು ಟೀವಿಯವರು ಬಂದರು. ಮೈಕು ಹಿಡಿದ ಹುಡುಗಿ ತಮಿಳಿನಲ್ಲಿ, “ಪಾಟ್ಟಿ, ಬಯಮಾ ಇರುಂದದಾ?” ಎಂದಳು, ಅಜ್ಜಿ, ಭಯವಾಯಿತೇ ಎಂದು. ಅತ್ತೆ ತಮಿಳಿನಲ್ಲೇ, ಆನೆಗೇ ಹೆದರಿಲ್ಲ ತಾಯಿ ಎಂದರು. ಹುಡುಗಿ ಮತ್ತೆ ಮತ್ತೆ ‘ಪರಕ್ಕುಂ ತಟ್ಟು’ ಎಂದು ಹಾರುವ ತಟ್ಟೆಯ ಮಾತು ತೆಗೆದಳು. ಅತ್ತೆ ನನ್ನ ಕಡೆ ತಿರುಗಿದರು. “ಇವ್ಳು ಯಾವ ತಟ್ಟೆ ಕೇಳ್ತಾವ್ಳೆ? ಊಟ ಆಗಿಲ್ವಾ ಪಾಪ?” ಎಂದು, ಒಳಗೆ ಹೋಗಿ ಅವಳಿಗೆ ಮುದ್ದೆ ಹಾಕಿಕೊಟ್ಟರು. ಅವಳು ಉಂಡಳು. ಟೀವಿಯಲ್ಲಿ ಅದು ಬರಲಿಲ್ಲ. ಅತ್ತೆಯ ಮುಖ ಬಂತು, ತಟ್ಟೆ ಬಂತು, ಯಾವುದೋ ಬೇರೆ ದೇಶದ ಚಿತ್ರಗಳು ಬಂದವು.

ಪೂಜಾರಪ್ಪ ಅದು ಮಾದಪ್ಪನ ಜ್ಯೋತಿ ಎಂದರು. ಅಟ್ಟಣೆಯ ಬುಡದಲ್ಲಿ ತೆಂಗಿನಕಾಯಿ ಒಡೆಯಲು ಬಂದರು.

“ಬ್ಯಾಡ ಬುಡಿ. ಮಾದಪ್ಪ ಬಂದಿದ್ರ ನಂಗ ಒಂದು ಮಾತು ಯೋಳೇ ಓಯ್ತಿದ್ದ. ಇಷ್ಟೊರ್ಸದ ಪರಿಚಯ.”

ಅತ್ತೆಯ ಪರವಾಗಿ ಮಾತಾಡಲು ಬಂದವರನ್ನೂ ಅವರು ಬಿಡಲಿಲ್ಲ. ಓಣಿಯ ಒಬ್ಬ ತಾನೂ ನೋಡಿದೆ, ಕೆಂಪು ಹಸಿರು ಚಕ್ರ ತಿರುಗುತ್ತಿತ್ತು ಎಂದ. “ನೀ ಆಗ ಮಲ್ಗಿದ್ದ ಕಣ್ಲಾ,” ಎಂದರು ಅತ್ತೆ. “ನಾ ಟಾರ್ಚು ತಿರುಗ್ಸಿದ ಮ್ಯಾಲ ನಿಮ್ಮವ್ವ ನಿನ್ನ ಬಯ್ದು ಎಬ್ಬುಸ್ದುದ್ದು ಅಟ್ಟಣೆ ತಂಕ ಕೇಳ್ತು.”

ನನ್ನ ಸರದಿ ಬಂದದ್ದು ನಾಲ್ಕನೆಯ ದಿನ. ನಾನು ತಾಳವಾಡಿಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಶಾಲೆಯಲ್ಲಿ ಎಲ್ಲರೂ ಕೇಳುತ್ತಿದ್ದರು, ನಾನು ವಿವರಿಸಿದ್ದೆ. ಆ ತಿಂಗಳು ಬೆಳಗಿನ ಜಾವ ಪೂರ್ವದಲ್ಲಿ ಶುಕ್ರಗ್ರಹ ಬಹಳ ಪ್ರಕಾಶಮಾನವಾಗಿತ್ತು. ಹೀಗೆ ಶುಕ್ರನನ್ನು ನೋಡಿ ಬೇರೇನೋ ಎಂದು ಭ್ರಮಿಸುವುದು ಪ್ರಪಂಚದ ಎಲ್ಲ ಕಡೆ ಆಗಿದೆ. ಕಣ್ಣು ಒಂದೇ ಬೆಳಕನ್ನು ಬಹಳ ಹೊತ್ತು ನೋಡಿದರೆ ಅದು ಓಡಾಡಿದಂತೆ ತೋರುತ್ತದೆ. ಇದನ್ನೇ ಸಂಜೆ ಅತ್ತೆಗೂ ಹೇಳಿದೆ. ಅವರಿಗೆ ಸಮಾಧಾನವಾಗುತ್ತದೆ ಎಂದು ನಿಜವಾಗಿಯೂ ತಿಳಿದಿದ್ದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಕ್ಕರು.

“ಅಷ್ಟು ದೂರ ಓಗಿ ಓದಿ ಇದ್ನ ಯೋಳಕ್ಕ ಬಂದಾ? ನಮ್ ಬೆಳ್ಳಿ ಅಲ್ವಾ ಅದು? ಬೆಳ್ಳಿ ಜೊತ ಮೂವತ್ತೊರ್ಸ ಸಂಸಾರ ಮಾಡಿವ್ನಿ ಮೊಗ. ಬೆಳ್ಳಿ ಅಲ್ಲೇ ಇತ್ತು. ಇದು ಬೆಳ್ಳಿ ಬಲಕ್ಕ, ಒಂದು ಇಡಿ ಕೆಳಗ.”

ನನ್ನ ಮುಖ ನೋಡಿ ಅವರಿಗೆ ಪಾಪ ಅನ್ನಿಸಿರಬೇಕು. “ನಾಳ ರಜಾ ಅಲ್ವಾ? ಬಾ, ತೋರಿಸ್ತೀನಿ,” ಎಂದರು.

ಮರುದಿನ ಹಗಲಿನಲ್ಲಿ ನಾನು ಮೊದಲ ಸಲ ಆ ಅಟ್ಟಣೆ ಹತ್ತಿದೆ. ಅವರು ದಿನವೂ ಒಂದೇ ಕಡೆ, ಪಡುವಣದ ಕಂಬಕ್ಕೆ ಬೆನ್ನು ಒರಗಿಸಿ ಕೂರುತ್ತಿದ್ದರು. ಹಾಗೆ ಕೂತರೆ ಮೂಡಣದ ಕಂಬ ಕಣ್ಣಿನ ನೇರಕ್ಕೆ ಬರುತ್ತದೆ. ಅದರ ಆಚೆಗೆ ಏರು. ಆ ಕಂಬದ ಮೇಲೆ ಕುಡುಗೋಲಿನಿಂದ ಮಾಡಿದ ಕಚ್ಚುಗಳಿದ್ದವು, ಬುಡದಿಂದ ತಲೆಯವರೆಗೆ. ಬೆಳ್ಳಿ ಬೆಳಗಿನ ಜಾವ ಮೂಡುವ ತಿಂಗಳುಗಳಲ್ಲಿ ಅದು ಎಲ್ಲಿ ಬಂದಾಗ ಎಷ್ಟು ಹೊತ್ತು, ಎಷ್ಟು ಕಚ್ಚು ಮೇಲೇರಿದರೆ ಬೆಳಕು ಹರಿಯುತ್ತದೆ, ಎಲ್ಲ ಅದರಲ್ಲಿತ್ತು. ಅದು ಅವರ ಗಡಿಯಾರ. ಕಚ್ಚು ಇಲ್ಲದ ಕಡೆ ಕೈ ಚಾಚಿ ಮುಷ್ಟಿ ಹಿಡಿಯುತ್ತಿದ್ದರು. ಚಾಚಿದ ಕೈಯ ಒಂದು ಮುಷ್ಟಿ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ ಎಂದು ನನಗೆ ಪುಸ್ತಕ ಕಲಿಸಿತ್ತು. ಅವರು ಡಿಗ್ರಿ ಕೇಳಿದವರಲ್ಲ, ಮುಷ್ಟಿ ಮಾತ್ರ ಅದೇ.

ಕಂಬದ ಮೇಲೆ ಮೂರು ಹೊಸ ಕಚ್ಚುಗಳಿದ್ದವು. ಒಳಗಿನ ಮರ ಇನ್ನೂ ಬೆಳ್ಳಗಿತ್ತು.

“ಇದು ಅವತ್ತು ಬೆಳ್ಳಿ ಇದ್ದುದ್ದು. ಇದು ಬೆಳಕು ಮೊದ್ಲು ನಿಂತುದ್ದು. ಇದು ಎದ್ದು ಕಡೀಲಿ ನಿಂತುದ್ದು. ಆಮ್ಯಾಲ ಕಾಣ್ಲಿಲ್ಲ.”

“ಎಷ್ಟು ಹೊತ್ತು ಇತ್ತು?”

“ಎಲೆಯಡಕೆ ಬಾಯ್ಗ ಆಕಂಡಾಗ ಬಂತು. ಕೆಂಪು ಕಟ್ಟಿ ಮೊದ್ಲು ಉಗ್ದಾಗ ಇರ್ಲಿಲ್ಲ.”

“ಸದ್ದು?”

“ನಂಗ ಕೇಳ್ಲಿಲ್ಲ. ಇತ್ತೋ ಇಲ್ವೋ ಗೊತ್ತಿಲ್ಲ.”

ನಾನು ಅವರ ಜಾಗದಲ್ಲಿ ಕೂತು, ಕೈ ಚಾಚಿ ಅಳೆದೆ. ಬೆಳ್ಳಿಯ ಬಲಕ್ಕೆ, ಒಂದು ಹಿಡಿ ಕೆಳಗೆ. ಶುಕ್ರನ ಪಕ್ಕದಲ್ಲಿ ಕಂಡದ್ದು ಶುಕ್ರನಾಗಲು ಸಾಧ್ಯವಿಲ್ಲ. ಇಳಿಯುವಾಗ ನನಗೆ ನಾಚಿಕೆಯಾಗಿತ್ತು. ನಾನು ಆಕಾಶವನ್ನು ಕೇಳಿರಲಿಲ್ಲ, ಅವರನ್ನೂ ಕೇಳಿರಲಿಲ್ಲ. ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ.

ಆಮೇಲೆ ನಾನು ಸರಿಯಾಗಿ ಹುಡುಕಿದೆ. ರಾಕೆಟ್ ಹೊಗೆ ಮುಂಜಾವಿನ ಬಿಸಿಲಿಗೆ ಹೊಳೆಯುವುದುಂಟು. ಆ ವಾರ ಯಾವ ಉಡಾವಣೆಯೂ ಇರಲಿಲ್ಲ. ಸಾಲಾಗಿ ಹೋಗುವ ಉಪಗ್ರಹಗಳು ನೇರ ಹೋಗುತ್ತವೆ, ಸುತ್ತುವುದಿಲ್ಲ. ಆನೆ ನೋಡಲು ಅರಣ್ಯದವರು ಹಾರಿಸುವ ಡ್ರೋನ್ ಇರಬಹುದೆಂದು ಬೀಟ್ ಗಾರ್ಡನ್ನು ಕೇಳಿದೆ. ಅದು ರೆಕ್ಕೆ ಮುರಿದು ತಿಂಗಳಿಂದ ಪೆಟ್ಟಿಗೆಯಲ್ಲಿದೆ ಎಂದ. ಬೇರೆ ಯಾರದೋ ಡ್ರೋನ್ ಇರಬಹುದು. ಇರಬಹುದು ಎಂಬುದು ಗೊತ್ತು ಎಂಬುದಕ್ಕೆ ಸಮವಲ್ಲ. ನನ್ನ ಹುಡುಕಾಟ ಅಲ್ಲಿಗೆ ನಿಂತಿತು.

ಊರಿಗೆ ಬೇಕಾಗಿದ್ದದ್ದು ಬೇರೆ. ಕಾಡಂಚಿನಲ್ಲಿ ಪಟಾಕಿ ಹಚ್ಚಿದ್ದೇಕೆ ಎಂದು ಒಂದು ವಿವರಣೆ ಬರೆದುಕೊಡಿ ಸಾಕು ಎಂದು ಬೀಟ್ ಗಾರ್ಡ್ ಹೇಳಿಹೋಗಿದ್ದ. ನಮ್ಮ ಕಾವಲು ನೋಡಿಕೊಳ್ಳುವ ಯಜಮಾನರು ಒಬ್ಬರಿದ್ದಾರೆ. ಅವರು ತಮ್ಮ ಒಡಹುಟ್ಟಿದ ತಮ್ಮನನ್ನು ಕರೆಸಿದರು. ನಲವತ್ತು ದಾಟಿದ ಆತ ಮೇಲಿನ ಅಟ್ಟಣೆಯ ಕಾವಲಿನವನು. ಆತ, ತಾನು ಅಟ್ಟಣೆಯಲ್ಲೇ ಇದ್ದೆ, ಎಚ್ಚರವಾಗಿಯೇ ಇದ್ದೆ, ಟಾರ್ಚು ತೋರಿಸಲಿಲ್ಲ, ಆಕಾಶದಲ್ಲಿ ಏನನ್ನೂ ಕಾಣಲಿಲ್ಲ ಎಂದ. ಏರಿನ ಮೇಲೆ ಇದ್ದವನಿಗೇ ಕಾಣದ್ದು ಕೆಳಗಿದ್ದ ಮುದುಕಿಗೆ ಕಂಡಿತೇ? ಮಾತು ಅಲ್ಲಿಗೆ ಮುಗಿದಂತಾಯಿತು. ತಮಿಳಿನಲ್ಲಿ ಕಾಗದ ಸಿದ್ಧವಾಯಿತು: ವಯಸ್ಸಿನ ಕಾರಣ ಕಣ್ಣು ಮಂಜಾಗಿ, ಇಲ್ಲದ ಬೆಳಕನ್ನು ಇದೆಯೆಂದು ತಿಳಿದು ತಪ್ಪು ಗುರುತು ಕೊಟ್ಟಿದ್ದೇನೆ.

ಡೈರಿಯ ಜಗುಲಿಯಲ್ಲಿ, ಬೆಳಗಿನ ಹಾಲು ಹಾಕಿ ಮುಗಿದ ಮೇಲೆ, ಜನ ಕೂತಿದ್ದರು. ಯಜಮಾನರು ಕಾಗದವನ್ನು ನನ್ನ ಕೈಗೆ ಕೊಟ್ಟು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಲು ಹೇಳಿದರು. ಓದಿದೆ.

“ಒಂದು ಕೈನಾಟು ಆಕ್ಬುಡವ್ವ,” ಎಂದರು ಯಜಮಾನರು, ಹೆಬ್ಬೆಟ್ಟಿಗೆ ಇಂಕಿನ ಡಬ್ಬಿ ತೆರೆದು. “ಎಲ್ಲಾ ಮುಗ್ದೋಯ್ತದ. ನಿಂಗ ಯಾರೂ ಏನೂ ಅನ್ನಲ್ಲ.”

“ಇದುಕ್ಕ ಒತ್ತಿದ್ರ ನಾಳ ನಾ ಅಟ್ಟಣೆ ಅತ್ಬೋದಾ?”

ಯಜಮಾನರು ಡಬ್ಬಿಯನ್ನು ಅವರ ಕಡೆ ಸರಿಸಿದರು. ಜಗುಲಿಯ ತುದಿಯಿಂದ ಯಾರೋ, “ಕಣ್ಣು ಕಾಣಲ್ಲ ಅಂತ ಕಾಗ್ದದಲ್ಲಿ ಬರ್ಕೊಟ್ಟೋರ್ನ ಕಾವ್ಲುಗ ಕೂರ್ಸದಾ?” ಎಂದರು.

“ಒತ್ತದೇ ಓದ್ರ?”

“ಆಗ್ಲೂ ಕಷ್ಟವೇ ಕಣವ್ವ,” ಎಂದರು ಯಜಮಾನರು. “ಜನ ನಂಬಲ್ಲ. ಟೀವೀಲಿ ಬೇರೆ ಬಂದೋಯ್ತು. ಮಾತು ಕೇಳು, ಏನೋ ತಪ್ಪಾಯ್ತು ಅನ್ನು.”

“ತಪ್ಪಾಯ್ತು ಅಂತ ಅವತ್ತೇ ಯೋಳಿವ್ನಿ. ಟಾರ್ಚು ಅಂದ್ಕಂಡುದ್ದು ತಪ್ಪು. ನೀವು ಬರ್ದಿರೋದು ಅದಲ್ಲ. ಕಾಣ್ಲೇ ಇಲ್ಲ ಅಂತ ಬರ್ದಿದ್ದೀರಿ.” ಅವರ ದನಿ ಏರಲಿಲ್ಲ. “ಅಟ್ಟಣೆ ನಿಮ್ದು. ಇಳಿ ಅನ್ನಿ, ಇಳೀತೀನಿ. ಕಣ್ಣು ನಂದು. ಅದ್ನ ನಿಮ್ಗ ಬರ್ಕೊಡಲ್ಲ.”

ಆಮೇಲೆ ನನಗೆ ಹೇಳಿದರು: “ಮೊಗ, ನೀ ಬರಿ.”

ನಾನು ಬರೆದೆ, ಅವರು ಹೇಳಿದಂತೆ, ಮೊದಲು ಕನ್ನಡದಲ್ಲಿ, ಕೆಳಗೆ ತಮಿಳಿನಲ್ಲಿ. “ಕೋಳಿ ಕೂಗಿದ ಮೇಲೆ ಬೆಳ್ಳಿಯ ಬಲಕ್ಕೆ, ಒಂದು ಹಿಡಿ ಕೆಳಗೆ, ಒಂದು ಬಿಳಿ ಬೆಳಕು ಕಂಡೆ. ಟಾರ್ಚು ಎಂದುಕೊಂಡು ಆನೆಯ ಗುರುತು ಕೊಟ್ಟೆ. ಟಾರ್ಚಲ್ಲ. ಏನೆಂದು ತಿಳಿಯದು.”

“ಕಡೇ ಮಾತಾದ ಮ್ಯಾಲ ಜಾಗ ಬುಡ್ಬ್ಯಾಡ,” ಎಂದರು. ಹೆಬ್ಬೆಟ್ಟನ್ನು ಇಂಕಿಗೆ ಒತ್ತಿ, ಕಾಗದದ ಕೆಳಗಲ್ಲ, ‘ತಿಳಿಯದು’ ಎಂಬ ಪದಕ್ಕೆ ತಾಗಿಸಿ ಒತ್ತಿದರು. ತಮಿಳಿನ ಕೊನೆಯ ಪದಕ್ಕೂ ಹಾಗೆಯೇ. ಇನ್ನೊಂದು ಅಕ್ಷರ ಸೇರಿಸಲು ಅಲ್ಲಿ ಎಡೆಯಿರಲಿಲ್ಲ. ಖಾಲಿ ಕಾಗದಕ್ಕೆ ಒತ್ತಿಕೊಟ್ಟ ಬೆರಳು ಮೂವತ್ತು ವರ್ಷದಲ್ಲಿ ಅಷ್ಟು ಕಲಿತಿತ್ತು.

ಬೀಟ್ ಗಾರ್ಡ್ ಆ ಕಾಗದವನ್ನು ಓದಿ, ಸರಿ ಎಂದು ಮಡಚಿಟ್ಟುಕೊಂಡು ಹೋದ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಅಟ್ಟಣೆಯನ್ನು ಮಾತ್ರ ಬೇರೆಯವರಿಗೆ ಕೊಟ್ಟರು.

ಮನೆಗೆ ಬರುವ ದಾರಿಯಲ್ಲಿ ನನ್ನ ಅನುಮಾನವನ್ನು ಅವರ ಮುಂದಿಟ್ಟೆ. ಆತ ಅಂದು ಅಟ್ಟಣೆಯಲ್ಲಿ ಇದ್ದಿದ್ದರೆ ‘ಇದ್ದೀನಿ’ ಏಕೆ ಬರಲಿಲ್ಲ? ಇಲ್ಲವೆಂದೇ ಅಲ್ಲವೇ? ಅಷ್ಟು ಜನರ ಮುಂದೆ ಅದನ್ನು ಏಕೆ ಕೇಳಲಿಲ್ಲ?

“ಅಂವ ಇದ್ನೋ ಇಲ್ವೋ, ನಾ ಕಾಣ್ಲಿಲ್ಲ ಮೊಗ.”

“ಅವನ ಬೆಳಕು ಬರಲಿಲ್ಲವಲ್ಲ ಅತ್ತೆ.”

“ಬರ್ಲಿಲ್ಲ. ನಿದ್ದ ಬಂದಿರ್ಬೋದು. ಟಾರ್ಚು ಕೆಟ್ಟಿರ್ಬೋದು. ಕಾಣ್ದುದ್ದ ಯೋಳಿದ್ರ, ನಂಗೂ ಆ ಕಾಗ್ದ ಬರ್ದೋರ್ಗೂ ಏನ್ ವ್ಯತ್ಯಾಸ?”

ನನಗೆ ಸಿಟ್ಟು ಬಂದಿತ್ತು, ಅವರ ಮೇಲೆಯೇ. ಕೈಯಲ್ಲಿದ್ದ ಒಂದೇ ಆಯುಧವನ್ನು ಕೆಳಗಿಟ್ಟು ಬಂದಿದ್ದರು. ಅದು ಕೆಳಗಿಟ್ಟದ್ದಲ್ಲ, ಅದನ್ನು ಹಿಡಿಯಲು ಒಪ್ಪದೆ ಇದ್ದದ್ದು ಎಂದು ಅರ್ಥವಾಗಲು ನನಗೆ ಕಾಲ ಹಿಡಿಯಿತು.

ಅತ್ತೆ ಅಟ್ಟಣೆಯಿಂದ ಇಳಿದರು, ಕಾವಲಿನಿಂದ ಇಳಿಯಲಿಲ್ಲ. ಮರುದಿನದಿಂದ ಕೋಳಿ ಕೂಗುವ ಹೊತ್ತಿಗೆ ಕಂಬಳಿ ಹೊದ್ದು, ಟಾರ್ಚು ಹಿಡಿದು, ಹೊಲದ ಬದುವಿನಲ್ಲಿರುವ ಬಂಡೆಯ ಮೇಲೆ ಕೂತರು. ಬಂಡೆ ಯಾರದೂ ಅಲ್ಲ, ಇಳಿ ಎನ್ನುವಂತಿಲ್ಲ. ಎರಡು ಸುಗ್ಗಿ ಹಾಗೆ ಕಳೆದವು. ಅಟ್ಟಣೆಯ ಮೇಲೆ ಹೊಸಬರು ಟಾರ್ಚು ತಿರುಗಿಸಿದಾಗ ಮನೆಗಳಿಂದ ಹೊರಬಂದ ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ನನ್ನ ಕಿವಿಗೇ ಬಿದ್ದಿದೆ: “ಬಂಡೆ ಬೆಳಕು ಬಂತಾ?” ಬಂದರೆ ಓಡುತ್ತಿದ್ದರು. ಬರದಿದ್ದರೆ ಚಪ್ಪಲಿ ಹುಡುಕುತ್ತ ನಿಧಾನ ಮಾಡುತ್ತಿದ್ದರು. ಯಾರೂ ಇದನ್ನು ಅವರಿಗೆ ಹೇಳಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಇನ್ನೊಂದನ್ನು ಗಮನಿಸಿದ್ದೆ. ಕೆಲವು ಬೆಳಗಿನ ಜಾವ ನಾನೂ ಅವರಿಗೆ ಬಿಸಿನೀರಿನ ಫ್ಲಾಸ್ಕು ಕೊಡಲು ಹೋಗುತ್ತಿದ್ದೆ. ಮೇಲಿನ ಅಟ್ಟಣೆಯ ‘ಇದ್ದೀನಿ’ ಒಂದು ದಿನವೂ ತಪ್ಪುತ್ತಿರಲಿಲ್ಲ. ಆ ಬೆಳಕು ನಡುವಿನ ಅಟ್ಟಣೆಯ ಕಡೆಗೆ ಇರುತ್ತಿರಲಿಲ್ಲ. ನೇರ ಬಂಡೆಯ ಕಡೆಗೆ ಇರುತ್ತಿತ್ತು. ಅತ್ತೆ ತಮ್ಮ ಟಾರ್ಚನ್ನು ಒಮ್ಮೆ ಹಿಡಿದು ಉತ್ತರ ಕೊಡುತ್ತಿದ್ದರು.

ಅವರು ತೀರಿಕೊಂಡದ್ದು ಜ್ವರದಿಂದ, ಮನೆಯಲ್ಲಿ, ಹಗಲಿನಲ್ಲಿ, ನಾನು ತಾಳವಾಡಿಯ ಶಾಲೆಯಲ್ಲಿದ್ದಾಗ. ಮೂರನೆಯ ದಿನದ ಹಾಲು ತುಪ್ಪ ಮುಗಿಸಿ ಬರುವಾಗ ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಕಟ್ಟಿತ್ತು. ಫೋನಿನಲ್ಲಿ ಬಂದ ಅದೇ ಚಿತ್ರ, ಆಳೆತ್ತರ. ಅದೇ ತಟ್ಟೆ. ಯಜಮಾನರು ಟೀ ಅಂಗಡಿಯ ಮುಂದೆ ಕೂತಿದ್ದರು.

ನಾನು ಜಗಳಕ್ಕೆ ಹೋಗುವವಳಲ್ಲ. ಹತ್ತು ಜನರ ಮುಂದೆ ಮಾತಾಡಲು ಇಷ್ಟಪಡುವವಳೂ ಅಲ್ಲ. ಆದರೂ ಹೋಗಿ, ಅದನ್ನು ಬಿಚ್ಚಿಸಿ ಎಂದೆ.

“ಯಾಕಮ್ಮ? ಮರ್ವಾದಿಗ ಕಟ್ಟಿಸಿರೋದು. ಈ ಅಳ್ಳಿ ಎಸ್ರು ಅವ್ರಿಂದ ಎಲ್ಲೆಲ್ಲೋ ಗೊತ್ತಾಗಿರೋದು.”

“ಸುಳ್ಳು ಬರೆದಿದೆ. ಅವರು ತಟ್ಟೆ ಕಂಡಿಲ್ಲ.”

“ಮತ್ತೇನ ಕಂಡ್ರು?”

“ಬೆಳಕು. ಏನೆಂದು ತಿಳಿಯದು. ನೀವೇ ಕೂತಿದ್ದಿರಿ, ಅವರು ಬರೆಸಿದಾಗ.”

“ಸತ್ತೋರ ಇಸ್ಯದಲ್ಲಿ ಇಷ್ಟು ಅಟ ಯಾಕೆ ಟೀಚರಮ್ಮ,” ಎಂದು ಅವರು ಟೀ ಕುಡಿದರು. ಸುತ್ತ ಇದ್ದವರು ನಕ್ಕರು. ನಾನೇ ಹೋಗಿ ಹಗ್ಗಕ್ಕೆ ಕೈ ಹಾಕಿದೆ. ಮೇಲಿನ ಗಂಟು ನನಗೆ ಎಟುಕಲಿಲ್ಲ.

ಹಿಂದಿನಿಂದ ಯಾರೋ ಬಂದು ಕಂಬ ಹತ್ತಿ ಕುಡುಗೋಲಿನಿಂದ ಹಗ್ಗ ಕತ್ತರಿಸಿದರು. ನೋಡಿದರೆ ಯಜಮಾನರ ತಮ್ಮ, ಮೇಲಿನ ಅಟ್ಟಣೆಯಾತ. ಎರಡು ವರ್ಷದಲ್ಲಿ ನಾನು ಆತನೊಂದಿಗೆ ಮಾತಾಡಿರಲಿಲ್ಲ.

“ಇಂದ್ಗಡ ಬಿಳೀ ಅದ,” ಎಂದ, ಫ್ಲೆಕ್ಸನ್ನು ನೆಲದ ಮೇಲೆ ಬೋರಲು ಹಾಸಿ. “ದೊಡ್ಡವ್ವ ಯೋಳಿದ್ದ ಬರೀರಿ. ನಿಮ್ಗ ಗ್ಯಾನ ಅದಲ್ವಾ?”

ನೆನಪಿತ್ತು. ಚೀಲದಲ್ಲಿ ಶಾಲೆಯ ದಪ್ಪ ಮಾರ್ಕರ್ ಇತ್ತು. ಮಂಡಿಯೂರಿ ಕೂತು ಬರೆದೆ. ಕೋಳಿ ಕೂಗಿದ ಮೇಲೆ, ಬೆಳ್ಳಿಯ ಬಲಕ್ಕೆ, ಒಂದು ಹಿಡಿ ಕೆಳಗೆ. ‘ಏನೆಂದು ತಿಳಿಯದು’ ಎಂಬಲ್ಲಿಗೆ ಬಂದು ನಿಲ್ಲಿಸಿದೆ.

“ಇನ್ನೊಂದು ಸಾಲು ಬರೀರಿ,” ಎಂದ ಆತ.

“ಅವರು ಇಷ್ಟೇ ಹೇಳಿದ್ದು.”

“ಅವ್ರುದಲ್ಲ. ನಂದು. ಕೆಳಗ ಬೇರೇ ಬರೀರಿ.” ಅಣ್ಣನ ಕಡೆ ನೋಡದೆ, ನನ್ನ ಕೈಯಲ್ಲಿದ್ದ ಮಾರ್ಕರನ್ನೇ ನೋಡುತ್ತ ಹೇಳಿದ: “ಅಂದು ಮೇಲಿನ ಅಟ್ಟಣೆಯಲ್ಲಿ ನಾನು ಇರಲಿಲ್ಲ. ಚಳಿ ಅಂತ ಮನೆಗೆ ಬಂದಿದ್ದೆ. ಇದ್ದೆ ಎಂದು ಸುಳ್ಳು ಹೇಳಿದೆ.” ಬರಹದ ಕನ್ನಡದಲ್ಲಿಯೇ ಹೇಳಿದ. ಬಹಳ ಸಲ ಮನಸ್ಸಿನಲ್ಲಿ ಹೇಳಿಕೊಂಡಿರಬೇಕು.

ಬರೆದು ಮಾರ್ಕರನ್ನು ಆತನ ಕಡೆ ಚಾಚಿದೆ. ಆತ ಹತ್ತನೆಯವರೆಗೆ ಓದಿದವನು, ಸಹಿ ಹಾಕಬಲ್ಲ. ಮಾರ್ಕರ್ ತೆಗೆದುಕೊಳ್ಳಲಿಲ್ಲ. ಒಲೆಯ ಮೇಲಿನ ಟೀ ಪಾತ್ರೆಯ ತಳದ ಮಸಿಗೆ ಹೆಬ್ಬೆಟ್ಟು ಒತ್ತಿ, ಸುಟ್ಟುಕೊಂಡು, ಬಂದು ಕೊನೆಯ ಪದಕ್ಕೆ ತಾಗಿಸಿ ಒತ್ತಿದ. ಜಾಗ ಬಿಡಲಿಲ್ಲ.

ನಾವಿಬ್ಬರೂ ಅದನ್ನು ಎತ್ತಿ ಮತ್ತೆ ಕಟ್ಟಿದೆವು, ಬಿಳಿಯ ಕಡೆ ರಸ್ತೆಗೆ ಇರುವಂತೆ. ಯಜಮಾನರು ಎದ್ದು ಬಂದು ಎರಡು ಸಲ ಓದಿದರು.

“ಅಂಗಾರ ಆ ಬೆಳಕು ಏನ್ಲಾ ಅದು?” ಎಂದರು ಕೊನೆಗೆ.

ಆತ ಸುಟ್ಟ ಬೆರಳನ್ನು ಪಂಚೆಗೆ ಒರೆಸಿಕೊಂಡ.

“ನಂಗೇನ್ ಗೊತ್ತಣ್ಣ. ನಾ ಅಲ್ಲಿ ಇರ್ಲಿಲ್ಲ.”